ಸಂದು ಹುಡುಕಿದ ಗೋಡೆ

ರಾಯಚೂರಿನ ಗೆಳತಿ ಶಬಾನಾ ಶನಿವಾರ ನನ್ನನ್ನೂ ಗಂಡನನ್ನೂ ಅಲ್ಲಿನ ಕೋಟೆಗೆ ಕರೆದೊಯ್ದಳು. ಗೋಡೆಯಲ್ಲಿ ಬಸ್ಸಿನಷ್ಟು ಉದ್ದದ ಕಲ್ಲೊಂದಿತ್ತು.

“ಪೂರಾ ಒಂದೇ ಕಲ್ಲು ಅದ ನೋಡ್ರಿ” ಎಂದಳು.

ಎಂಜಿನಿಯರ್ ಆದ ನನ್ನ ಗಂಡ ನಂಬಲಿಲ್ಲ. ಎಲ್ಲೋ ಸಂದು ಇದ್ದೇ ಇರುತ್ತದೆ ಎಂದು ಅವನು ಆ ತುದಿಯಿಂದ, ನಾನು ಈ ತುದಿಯಿಂದ ಕತ್ತೆತ್ತಿ ಹುಡುಕುತ್ತ ಬಂದೆವು. ನಡುವೆ ಇಬ್ಬರ ತಲೆ ಡಿಕ್ಕಿಯಾಯಿತು. ಸಂದು ಸಿಗಲಿಲ್ಲ.

“ಹಾಗಾದರೆ ಇದನ್ನು ಹೇಗೆ ತಂದರು?” ಎಂದ ಅವನು, ಹಣೆ ಉಜ್ಜಿಕೊಳ್ಳುತ್ತ.

ನೆರಳಲ್ಲಿ ಪೇರಲ ಮಾರುತ್ತಿದ್ದ ಅಜ್ಜಿ ನಕ್ಕಳು. “ಅಲ್ಲೇ ಕೊರದಾರ ನೋಡೋ ಯಪ್ಪಾ!”

ಪಕ್ಕದಲ್ಲೇ ಗೆರೆಗಳಲ್ಲಿ ಕೊರೆದ ಚಿತ್ರವಿತ್ತು: ಬಂಡಿ, ಅದರ ಮೇಲೆ ಇದೇ ಕಲ್ಲು, ಮುಂದೆ ಎಳೆಯುತ್ತಿರುವ ಕೋಣಗಳ ಸಾಲು.

ಗುಡಿಗೆ ಹೋದರೆ ಒಳಗೆ ಬಾರದೆ ಹೊರಗೆ ನಮ್ಮ ಚಪ್ಪಲಿ ಕಾಯುವ ನನ್ನ ಗಂಡ, ಆ ಚಿತ್ರದ ಮುಂದೆ ತನ್ನ ಚಪ್ಪಲಿ ಕಳಚಿಟ್ಟ.