ನೆಲಮಾಳಿಗೆಗೆ ಇಳಿಸಿದ ಬಿಸಿಲು

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಕೊನೆಗೆ ಅದೇ ಹೆಸರಾಗಿ ಅಂಟಿಕೊಂಡಿತು. ಅವಳು ಕೆಲಸಕ್ಕಿದ್ದ ಕನ್ನಡಿ ಅಂಗಡಿಯಲ್ಲೂ ಎಲ್ಲರಿಗೂ ಅವಳು ಚಕ್ರವೇ. ಗಾಜು ಕೊಯ್ಯುವಾಗ ಕೈ ಒಂದಿಷ್ಟೂ ಅಲುಗದು. ಕೊಯ್ದಾದ ಮೇಲೆ ಒಂದು ಗಳಿಗೆ ಕೂತರೆ ಕೇಳಿ.

ಆ ವಾರವಂತೂ ಅವಳಿಗೆ ತಂಗಿಯದೇ ಚಿಂತೆ. ತಂಗಿ ಒಂದು ಲಾಂಡ್ರಿಯ ನೆಲಮಾಳಿಗೆಯಲ್ಲಿ ರಫೂ ಮಾಡುತ್ತಿದ್ದಳು: ಬಟ್ಟೆಯ ಬಣ್ಣದ್ದೇ ನೂಲು ಹೆಣೆದು ಹರುಕು ಕಾಣದಂತೆ ಮುಚ್ಚುವ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಕಡುನೀಲಿ, ಕಪ್ಪು ಎರಡೂ ಅವಳಿಜವಳಿ. ನೀಲಿ ಕೋಟಿಗೆ ಕಪ್ಪು ನೂಲು ಬಿದ್ದು ಆಗಲೇ ಎರಡು ಸಲ ವಾಪಸು ಬಂದಿತ್ತು. "ಇನ್ನೊಂದ್ಸಲ ಹೀಗಾದ್ರೆ ರಫೂ ಹೊರಗಡೆ ಕೊಟ್ಬಿಡ್ತೀನಮ್ಮ" ಎಂದಿದ್ದರು ಯಜಮಾನರು. ಮೇಲಿನ ಅಂಗಡಿಯಲ್ಲಿ ಇಸ್ತ್ರಿಯವರ ನಡುವೆ ಕಾಲಿಡಲು ಜಾಗವಿರಲಿಲ್ಲ. ಇಕ್ಕಟ್ಟಾದ ಬೀದಿಗೆ ಬಿಸಿಲೇ ಇಳಿಯುತ್ತಿರಲಿಲ್ಲ.

"ತಾರಸಿ ಬಿಸಿಲನ್ನ ಕೆಳಗಿಳಿಸೋಣ" ಎಂದಳು ಅಕ್ಕ.

"ಬಿಸಿಲೇನು ಟ್ಯಾಂಕಿನ ನೀರಾ?"

"ಹೆಚ್ಚುಕಡಿಮೆ ಹಾಗೇ ಕಣೇ."

ಕೆಟ್ಟ ಜಾಹೀರಾತು ಫಲಕವೊಂದರಿಂದ ಫೈಬರ್ ಎಳೆಗಳ ಕಟ್ಟನ್ನು ಬಿಚ್ಚಿ ತಂದಳು. ಒಂದು ತುದಿಗೆ ಬಿದ್ದ ಬೆಳಕು ಎಳೆಯೊಳಗೇ ಸಾಗಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ತುದಿಗಳನ್ನು ನಯವಾಗಿ ಉಜ್ಜಿ, ಮಳೆನೀರಿನ ಪೈಪಿನ ಪಕ್ಕದಲ್ಲೇ ಕೆಳಗಿಳಿಸಿದಳು. ತಾರಸಿಯಲ್ಲಿ ಬಟ್ಟಲಿನಂತೆ ಬಾಗಿದ ಕನ್ನಡಿ ನಿಲ್ಲಿಸಿ, ಅದು ಒಟ್ಟುಗೂಡಿಸಿದ ಬಿಸಿಲಿನ ಚುಕ್ಕಿ ಎಳೆಗಳ ಬಾಯಿಗೇ ಬೀಳುವಂತೆ ಹೊಂದಿಸಿದಳು.

ಅಂದು ಸಂಜೆ ಗಿರಾಕಿ ಆ ನೀಲಿ ಕೋಟು ಒಯ್ಯಲು ಬರುವವನಿದ್ದ. ಬೆಳಗ್ಗೆ ಫೋನಿನಲ್ಲಿ ತಂಗಿಯ ಕೂಗು: "ಬಂತು ಅಕ್ಕಾ! ನೀಲಿ ನೀಲಿಯಾಗೇ ಕಾಣ್ತಿದೆ!"

ನೋಡಬೇಕೆಂದು ಚಕ್ರ ಎರಡೆರಡು ಮೆಟ್ಟಿಲು ಹಾರಿ ಇಳಿಯುವಷ್ಟರಲ್ಲಿ ಎಳೆಗಳ ತುದಿ ಮತ್ತೆ ಕತ್ತಲು. ಮತ್ತೆ ಹತ್ತಿದಳು. ತಿರುಪು ಬಿಗಿ ಮಾಡಿದಳು, ಕನ್ನಡಿ ಒರೆಸಿದಳು, ಎಳೆಗಳ ಬಾಯನ್ನು ಇನ್ನೊಮ್ಮೆ ಉಜ್ಜಿದಳು. ಬೆಳಕಿಲ್ಲ.

"ಅಕ್ಕಾ, ಟ್ಯೂಬ್‌ಲೈಟಲ್ಲೇ ಮುಗಿಸ್ಲಾ?"

"ಸೂಜಿ ಮುಟ್ಟಿದ್ರೆ ನೋಡು!"

ಕೊನೆಗೆ ಕನ್ನಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಅದು ನೋಡುತ್ತಿದ್ದ ಕಡೆಗೇ ನೋಡಿದಳು. ಎದುರು ಕಟ್ಟಡದ ಕಿಟಕಿ! ಬೆಳಗ್ಗೆ ಸೂರ್ಯ ನೀರಿನ ಟ್ಯಾಂಕಿನ ಮರೆಯಲ್ಲಿದ್ದ. ಕಿಟಕಿಯ ಗಾಜಿನಲ್ಲಿ ಹೊಳೆದ ಅವನ ಪ್ರತಿಬಿಂಬಕ್ಕೇ ಅವಸರದಲ್ಲಿ ಗುರಿಯಿಟ್ಟಿದ್ದಳು. ಯಾರೋ ಕಿಟಕಿ ತೆರೆದದ್ದೇ ತಡ, ಆ ಸೂರ್ಯ ಮಾಯ. ದಿನಬೆಳಗಾದರೆ ಕನ್ನಡಿ ಮಾರುವವಳು ಕನ್ನಡಿಗೇ ಮೋಸಹೋಗಿದ್ದಳು.

"ನಮ್ಮಂಗಡೀಲಿ ಹೇಳ್ಬೇಡ ಕಣೇ" ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತ, ಅಷ್ಟರಲ್ಲಿ ಟ್ಯಾಂಕಿನ ಮರೆಯಿಂದ ಹೊರಬಂದಿದ್ದ ನಿಜವಾದ ಸೂರ್ಯನತ್ತ ಕನ್ನಡಿ ತಿರುಗಿಸಿದಳು. ಆದರೆ ಸೂರ್ಯನಿಗೂ ಅವಳದೇ ರೋಗ, ನಿಂತಲ್ಲಿ ನಿಲ್ಲನು. ಚುಕ್ಕಿ ಜಾರಿದಾಗಲೆಲ್ಲ ಕೆಳಗಿನಿಂದ "ಮಂಕಾಯ್ತು" ಎನ್ನುವ ಕೂಗು. ಮೇಲೆ ಇವಳು ಕೂದಲೆಳೆಯಷ್ಟು ಸರಿಸುವುದು. ಊಟಕ್ಕೂ ಇಳಿಯಲಿಲ್ಲ.

ಬಿಸಿಲು ಓರೆಯಾದಾಗ ಫೋನಿನಲ್ಲಿ ಯಜಮಾನರ ದನಿ ಕೇಳಿತು.

"ಎಲ್ಲಿ ಹರಿದಿತ್ತಮ್ಮ?"

"ನೀವೇ ಹುಡುಕಿ, ಸಾರ್."

ಕೋಟನ್ನು ಮಗುಚಿ ಮಗುಚಿ ನೋಡುವ ಸದ್ದು. ಆಮೇಲೆ, "ಸರಿ, ಇಲ್ಲೇ ಮಾಡ್ಕೊಂಡಿರು. ಮೋಡ ಬಂದ್ರೆ?"

"ಆವತ್ತು ಬಿಳಿ ಅಂಗಿ ಕೊಡಿ."

ಯಜಮಾನರು ನಕ್ಕರು. ತಂಗಿಯೂ ನಕ್ಕು, "ಅಕ್ಕಾ, ಆಯ್ತು, ಇಳಿದು ಬಾರೇ" ಎಂದಳು.

"ಬಂದೆ, ಬಂದೆ" ಎಂದಳು ಚಕ್ರ. ನಾಳೆ ತಾನು ಅಂಗಡಿಯಲ್ಲಿರುವಾಗ ಇದನ್ನು ತಿರುಗಿಸುವವರು ಯಾರು? ಗಡಿಯಾರದ ಯಂತ್ರ ಕೂರಿಸಿದರೆ ಹೇಗೆ? ಅಷ್ಟರಲ್ಲಿ ಚುಕ್ಕಿ ಮತ್ತೆ ಜಾರಿತ್ತು. ಅವಳ ಕೈ ತಿರುಪಿನತ್ತ ಹೋಯಿತು.