ಅಪ್ಪನ ಊಟದ ಸದ್ದು

ಬಸ್ಸು ಓಡಿಸುವ ಅಪ್ಪ ಊಟಕ್ಕೆ ಕೂತರೆ ಪಕ್ಕದ ಮನೆಯವರಿಗೂ ತಿಳಿಯುತ್ತಿತ್ತು. ಸೂಪನ್ನು ಆತ ಕುಡಿಯುತ್ತಿರಲಿಲ್ಲ, ಸೊರ್ರನೆ ಒಳಗೆಳೆದುಕೊಳ್ಳುತ್ತಿದ್ದ. ಮೂಳೆ ಸಿಕ್ಕರೆ ಅದರ ಪೂರ್ವಜನ್ಮದ ರಸವನ್ನೂ ಹೀರದೆ ಬಿಡುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಮಾನ ಹೋಗುತ್ತದೆಂದು ಅಮ್ಮ ಮದುವೆಯಾದಂದಿನಿಂದ ಬೈಯುತ್ತಲೇ ಬಂದಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವುದು ಅವನ ಉತ್ತರ. ಆ ಗಾದೆಯ ಉಳಿದರ್ಧ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು, ಅವನಿಗೆ ಯಾರೂ ಹೇಳಿಕೊಟ್ಟಂತಿರಲಿಲ್ಲ.

ಇಂಥ ಮನೆಯ ಮಗಳು ಸಿನಿಮಾದ ಸದ್ದು ಕಲಿಯಲು ಹೊರಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮನೆಯಲ್ಲಿ ಅವಳ ಹೆಸರೇ ‘ಕಿವಿ’. ಪರದೆಯ ಮೇಲೆ ನಡೆಯುವವರಿಗೆ ಹೆಜ್ಜೆಸದ್ದು ಕೊಡುವುದು, ಸೊಪ್ಪಿನ ದಂಟು ಮುರಿದು ಖಳನಾಯಕನ ಕೈ ಮುರಿದಂತೆ ಕೇಳಿಸುವುದು, ಒದ್ದೆ ಟವೆಲ್ಲನ್ನು ನೆಲಕ್ಕೆ ಬಡಿದು ಹೆಣ ಬೀಳಿಸುವುದು, ಇಂಥ ಘನಕಾರ್ಯಗಳೇ ಅವಳ ಪಾಠ. ತರಕಾರಿ ಬುಟ್ಟಿ ಖಾಲಿಯಾಗುವ ವೇಗ ನೋಡಿ ಅಮ್ಮ, ನೀನು ಓದುತ್ತಿದ್ದೀಯೋ ಅಥವಾ ಎಲ್ಲೋ ದನ ಸಾಕಿದ್ದೀಯೋ ಎಂದು ಕೇಳಿದ್ದಳು.

ವರ್ಷದ ಕೊನೆಗೆ ಮೇಷ್ಟ್ರು ಸದ್ದು ತೆಗೆದ ದೃಶ್ಯವೊಂದನ್ನು ಕೊಟ್ಟರು. ಉದ್ದನೆಯ ಮೇಜಿನಲ್ಲಿ ಒಬ್ಬ ಸಾಹುಕಾರ ತಿನ್ನುತ್ತಾನೆ, ಹಸಿದ ಆಳು ನಿಂತು ನೋಡುತ್ತಾನೆ. ಆಮೇಲೆ ಉಳಿದದ್ದನ್ನು ಆಳಿಗೆ ಕೊಡದೆ ಹಂದಿಗಳಿಗೆ ಸುರಿಯುತ್ತಾರೆ. ಮಾತೇ ಇಲ್ಲ. ಸದ್ದನ್ನೆಲ್ಲ ವಿದ್ಯಾರ್ಥಿಗಳೇ ಮಾಡಿ ಜೋಡಿಸಬೇಕು, ಸೋತರೆ ಮುಂದಿನ ತರಗತಿಯಿಲ್ಲ. ಕಿವಿ ಮೈಕಿನ ಮುಂದೆ ಕೂತು ಸೇಬು, ಬ್ರೆಡ್ಡು, ಬಾಳೆಹಣ್ಣು ಎಲ್ಲವನ್ನೂ ತಿಂದು ಹೊಟ್ಟೆ ಕೆಡಿಸಿಕೊಂಡಳು. ಕೇಳಿದ ಮೇಷ್ಟ್ರು ಮೂಗು ಮುರಿದರು.

“ಇವ್ನು ಊಟ ಮಾಡ್ತಿಲ್ಲಮ್ಮ, ಮಾತ್ರೆ ನುಂಗ್ತಿದಾನೆ.”

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅಲ್ಲಿಯವರೆಗೂ ಅವಳಿಗೆ ಅಪ್ಪನ ನೆನಪಾಗಿರಲಿಲ್ಲ. ಮೈಕು ಮನೆಗೆ ಬಂತು. ತನ್ನ ಬಾಯಿಗೆ ಕೊನೆಗೂ ಬೆಲೆ ಬಂತೆಂದು ಅಪ್ಪ ಉಬ್ಬಿಹೋದ. ಅಂದು ಆತ ಉಂಡ ಊಟಕ್ಕೆ ರೆಕಾರ್ಡರಿನ ಸದ್ದಳೆಯುವ ಮುಳ್ಳು ನೆಟ್ಟಗಾಗಿ ನಿಂತಿತು.

ಆಮೇಲೆ ಕಿವಿ ದಿನಗಟ್ಟಲೆ ಆ ಸದ್ದನ್ನು ಕತ್ತರಿಸಿದಳು, ಹಿಗ್ಗಿಸಿದಳು, ದಪ್ಪ ಮಾಡಿದಳು. ಕತ್ತರಿಸುತ್ತ ಕತ್ತರಿಸುತ್ತ ಅದು ಯಾರ ಬಾಯಿ ಎನ್ನುವುದೇ ಅವಳಿಗೆ ಮರೆತುಹೋಯಿತು. ಅವಳ ಪಾಲಿಗೆ ಅದು ಒಳ್ಳೆಯ ಒದ್ದೆ ಸದ್ದು, ಅಷ್ಟೇ. ಹಂದಿಗಳ ಜಾಗ ಖಾಲಿಯಿತ್ತು. ಅದೇ ತುಣುಕನ್ನು ಸ್ವಲ್ಪ ನಿಧಾನಿಸಿ ಅಲ್ಲಿಟ್ಟಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಪ್ರದರ್ಶನಕ್ಕೆ ಮನೆಯವರನ್ನೂ ಕರೆದಿದ್ದರು. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಅಮ್ಮನ ಜೊತೆ ತನ್ನ ಬಸ್ಸಿನ ಕಂಡಕ್ಟರನನ್ನೂ ಕರೆತಂದ. ಸಾಹುಕಾರ ಸೂಪು ಹೀರಿದಾಗ ಇಬ್ಬರಿಗೂ ಮೊಣಕೈಯಿಂದ ತಿವಿದು, ಅದು ನಾನೇ ಎಂದ. ಆಮೇಲೆ ಹಂದಿಗಳು ಬಂದವು.

“ಇದೂ ನೀವೇ ಅಲ್ವಾ ಗುರುವೇ?” ಎಂದ ಕಂಡಕ್ಟರ್, ಬಸ್ಸಿನಲ್ಲಿ ಕೂಗಿ ರೂಢಿಯಾದ ದನಿಯಲ್ಲಿ.

ಇಡೀ ಕೋಣೆ ನಕ್ಕಿತು. ಅಪ್ಪನೂ ನಕ್ಕ, ತುಸು ತಡವಾಗಿ. ಆ ನಗೆಯಲ್ಲಿ ಉಸಿರೇ ಇಲ್ಲದ್ದು ಕಿವಿಗೆ ಕೇಳಿಸಿತು. ಮೇಷ್ಟ್ರು ಬೆನ್ನು ತಟ್ಟಿದಾಗ ಅವಳಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಅಂದಿನಿಂದ ಅಪ್ಪ ಬಾಯಿ ಮುಚ್ಚಿ ಉಣ್ಣತೊಡಗಿದ. ಸೂಪನ್ನು ಚಮಚದಲ್ಲಿ ಎತ್ತಿ ಕಳ್ಳನಂತೆ ಒಳಗಿಡುತ್ತಿದ್ದ. ಮೂಳೆಯನ್ನು ಮುಟ್ಟುತ್ತಲೇ ಇರಲಿಲ್ಲ. ಕಿವಿ ತಪ್ಪಾಯಿತೆಂದು ಕೇಳಿಕೊಂಡಳು. ಅದರಲ್ಲೇನಿದೆ, ನೀನು ಪಾಸಾದೆಯಲ್ಲ, ಬಿಡು ಎಂದ, ಮತ್ತೆ ಸದ್ದಿಲ್ಲದೆ ಅಗಿದ. ಇಷ್ಟು ವರ್ಷದ ಯುದ್ಧ ಗೆದ್ದ ಅಮ್ಮ ಹಿಗ್ಗಬೇಕಿತ್ತು. ಅದು ಬಿಟ್ಟು ಅವಳು ಒಂದು ದಿನ ಉಪ್ಪು ಹೆಚ್ಚಿಸಿದಳು, ಮರುದಿನ ಕಡಿಮೆ ಮಾಡಿದಳು, ಅವನ ಮುಖವನ್ನೇ ನೋಡುತ್ತ ಕೂತಳು. ಕೊನೆಗೊಂದು ದಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಬಾಯಿಬಿಟ್ಟಳು.

“ಅಡುಗೆ ಚೆನ್ನಾಗಿದೆ ಅಂತ ಒಂದಿನಾನೂ ಹೇಳಿದೋರಲ್ಲ ನೀವು. ಆ ಸದ್ದು ಕೇಳೇ ತಿಳ್ಕೊತಿದ್ದೆ ನಾನು. ಈಗ ಅದೂ ಇಲ್ಲ ಅಂದ್ರೆ ನಾನು ಯಾರಿಗೆ ಬೇಯಿಸ್ಲಿ?”

ಅಪ್ಪ ಅವಳನ್ನೇ ನೋಡಿದ. ಇಷ್ಟು ವರ್ಷ ಅವಳ ಮಾತನ್ನೆಲ್ಲ ಬೈಗುಳವೆಂದುಕೊಂಡೇ ಕೇಳಿದ್ದ. ಚಮಚ ಪಕ್ಕಕ್ಕಿಟ್ಟು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದ.

ಅದು ನಟನೆ ಎಂದು ಕಿವಿಗೆ ತಕ್ಷಣ ಗೊತ್ತಾಯಿತು. ಶುರು ಜೋರಾಯಿತು, ನಡುವೆ ಉಸಿರು ತಪ್ಪಿತು, ಬಟ್ಟಲಲ್ಲಿ ಸೂಪು ಮೊದಲಿದ್ದಷ್ಟೇ ಇತ್ತು. ಮೇಷ್ಟ್ರಾಗಿದ್ದರೆ ಕತ್ತರಿಸಿ ಎಸೆಯುತ್ತಿದ್ದರು. ಅಮ್ಮನಿಗೂ ಗೊತ್ತಾಗದೆ ಇರುತ್ತದೆಯೇ? ಅವಳು ಸೆರಗಿನಿಂದ ಮೂಗೊರೆಸಿಕೊಂಡು, ತುಂಬಿದ ಬಟ್ಟಲಿಗೇ ಇನ್ನೊಂದು ಸೌಟು ಸುರಿದಳು.