ಕಾಳಿಲ್ಲದ ಬೀಸುಕಲ್ಲು

ಸತ್ತವರು ತಿರುಗಿ ಬರುತ್ತಾರೆಂದು ಯಾರಾದರೂ ಹೇಳಿದರೆ, ಪಾಪ, ಇವರಿಗೆ ಬೇರೆ ಕೆಲಸವಿಲ್ಲ ಎಂದುಕೊಳ್ಳುತ್ತಿದ್ದವಳು ನಾನು. ಈಗಲೂ ಅಂಥ ಮಾತು ಶುರುವಾದರೆ ಎದ್ದು ಹೋಗುತ್ತೇನೆ. ಆದರೆ ದೇವದುರ್ಗದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕೇಳಿದ ಸದ್ದನ್ನು ನಾನೊಬ್ಬಳೇ ಕೇಳಿದ್ದಲ್ಲ, ಮನೆ ತುಂಬ ಕೂತ ಜನ ಕೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಅವ್ವನ ಬಗ್ಗೆ ಹೇಳಬೇಕು. ನನ್ನ ತವರು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ಎಪ್ಪತ್ತರ ದಶಕದಲ್ಲಿ ದೇವದುರ್ಗದವರು ನನ್ನನ್ನು ನೋಡಲು ಬಂದಾಗ ಅವ್ವನಿಗೆ ಆಗಲೇ ಹಳೆಯ ಕೆಮ್ಮು. ಕ್ಷಯದ ಮನೆ ಎಂದು ಹೆಸರು ಬಿದ್ದರೆ ಆ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಅವ್ವ ಒಳಗೆ ಬೀಸುಕಲ್ಲಿನ ಮುಂದೆ ಕುಳಿತಳು. ಕೆಮ್ಮು ಬಂದಾಗಲೆಲ್ಲ ಕಾಳು ಹಾಕದೆ ಬರೀ ಕಲ್ಲು ತಿರುಗಿಸಿದಳು. ಆ ಗರಗರ ಸದ್ದಿನಲ್ಲಿ ಕೆಮ್ಮು ಮುಚ್ಚಿಹೋಯಿತು. ಬಂದವರು, ಹುಡುಗಿಯ ತಾಯಿ ಭಾರಿ ದುಡಿಯುವ ಹೆಂಗಸು ಎಂದು ಹೊಗಳಿ ಹೋದರು. ನನ್ನ ಮದುವೆಯಾಗಿ ವರ್ಷ ತುಂಬುವುದರೊಳಗೆ ಅವ್ವ ಹೋದಳು. ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೂ ಕೆಮ್ಮು ಹತ್ತಿತು. ಶುಂಠಿ ಕಷಾಯ, ಮೆಣಸು ಬೆಲ್ಲ, ಅರಿಶಿನದ ಹಾಲು ಎಲ್ಲ ಆಯಿತು. ತಿಂಗಳುಗಟ್ಟಲೆ ಬಿಡಲಿಲ್ಲ. ಸಂಜೆಯಾದರೆ ಮೈ ಬಿಸಿ. ಒಂದು ದಿನ ಉಗುಳಿನಲ್ಲಿ ರಕ್ತ ಕಂಡಿತು. ಅತ್ತೆಗೆ ಹೇಳಿದೆ. ನಾದಿನಿಯ ಸಂಬಂಧ ಗಟ್ಟಿಯಾಗುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡ ಎಂದರು. ನನ್ನ ಅವ್ವ ಮಾಡಿದ್ದೂ ಅದೇ ಅಲ್ಲವೇ, ಅವರನ್ನು ಹೇಗೆ ಬೈಯಲಿ?

ಮಾನ್ವಿಯಿಂದ ಗಂಡಿನವರು ಬಂದ ದಿನ ಅತ್ತೆ ನನ್ನನ್ನು ಅಡುಗೆಮನೆಯಲ್ಲಿ ಕೂಡಿಸಿ ಬಾಗಿಲು ಎಳೆದುಕೊಂಡರು. ಉಳಿದವರೆಲ್ಲ ಪಡಸಾಲೆಯಲ್ಲಿದ್ದರು. ಮಾತು ನಡೆದಾಗಲೇ ನನಗೆ ಕೆಮ್ಮು ಒತ್ತರಿಸಿ ಬಂತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲೊಲ್ಲದು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಬೀಸುಕಲ್ಲು ತಿರುಗತೊಡಗಿತು. ಕಾಳಿಲ್ಲದ ಕಲ್ಲಿನ ಸದ್ದೇ ಬೇರೆ, ಬೀಸಿದವರಿಗೆ ಗೊತ್ತು. ನಾನು ಕೆಮ್ಮಿದರೆ ತಿರುಗುತ್ತಿತ್ತು, ನನ್ನ ಕೆಮ್ಮು ನಿಂತರೆ ತಾನೂ ನಿಲ್ಲುತ್ತಿತ್ತು.

ಗಂಡಿನ ತಾಯಿ ಕೇಳಿದ್ದು ನನಗೆ ಒಳಗೇ ಕೇಳಿಸಿತು. “ಯಾರ್ರೀ ಒಳಗ ಬೀಸಾಕತ್ತಾರ?”

“ನಮ್ಮ ಸೊಸಿರಿ. ಸುಮ್ಮ ಕುಂದ್ರಾಕಿ ಅಲ್ಲ ಆಕಿ,” ಎಂದರು ಅತ್ತೆ.

ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಯಾರೂ ಇರಲಿಲ್ಲ. ಸವೆದಿದ್ದ ಮೇಲಿನ ಕಲ್ಲಿಗೆ ಉಳಿಪೆಟ್ಟು ಹಾಕಿಸಬೇಕೆಂದು ಅದನ್ನು ಮೊದಲೇ ತೆಗೆದು ಗೋಡೆಗೆ ಒರಗಿಸಿದ್ದೆವು. ಅದು ಹಾಗೇ ಒರಗಿತ್ತು. ಕೆಳಗಿನ ಕಲ್ಲಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

ಥಟ್ಟನೆ ಕೈ ಎಳೆದುಕೊಂಡೆ. ಎಲ್ಲಿ ನಡೆದೆನೆಂಬ ಎಚ್ಚರವೂ ಇಲ್ಲದೆ ಪಡಸಾಲೆಯಲ್ಲಿ ನಿಂತಿದ್ದೆ. “ಬೀಸಿದಾಕಿ ನಾನಲ್ಲರಿ,” ಎಂದೆ. “ನನಗ ಕೆಮ್ಮು ಅದ. ರಕ್ತ ಬರ್ತದ.”

ಮುಂದಿಟ್ಟ ಮಂಡಕ್ಕಿ ಸೂಸಲ ಮುಟ್ಟದೆ ಅವರು ಎದ್ದರು. ಸಂಬಂಧ ಮುರಿಯಿತು. ನಾದಿನಿ ಬಹಳ ದಿನ ನನ್ನ ಮುಖ ನೋಡಲಿಲ್ಲ. ಆದರೆ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಲ್ಲ, ಮರುದಿನವೇ ಯಜಮಾನರು ನನ್ನನ್ನು ರಾಯಚೂರಿಗೆ ಕರೆದೊಯ್ದರು. ಕಫ ನೋಡಿದರು, ಎದೆಯ ಎಕ್ಸ್‌ರೇ ತೆಗೆದರು. ಕ್ಷಯವೇ. ಮೊದಲು ಸೂಜಿ, ಆಮೇಲೆ ಒಂದೂವರೆ ವರ್ಷ ಗುಳಿಗೆ. ಕೆಮ್ಮು ನಿಂತಿತೆಂದು ಗುಳಿಗೆ ಬಿಟ್ಟರೆ ಸಾಯುತ್ತೀ ಎಂದು ಡಾಕ್ಟರು ಗದರಿಸಿದ್ದರು. ಬಿಡಲಿಲ್ಲ, ಬದುಕಿದೆ. ಮುಂದೆ ನಾದಿನಿಗೂ ಮಟಮಾರಿಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ಅತ್ತೆ ಮಾತ್ರ ಕೊನೆಯವರೆಗೂ, ಅಂದು ಬೀಸಿದ್ದು ಸೊಸೆಯೇ ಎಂದು ಸಾಧಿಸಿದರು.

ನಿನ್ನನ್ನು ಉಳಿಸಲು ನಿನ್ನ ಅವ್ವ ಬಂದಿದ್ದಳು ಎಂದು ಕೇಳಿದವರೆಲ್ಲ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಅದೇ ನನ್ನ ಸಂಕಟ. ಉಳಿಸಲು ಬಂದವಳು ಸುಮ್ಮನಿದ್ದರೆ ಸಾಕಿತ್ತು, ನನ್ನ ಕೆಮ್ಮು ತಾನಾಗಿಯೇ ಪಡಸಾಲೆಗೆ ಕೇಳುತ್ತಿತ್ತು. ಅದು ಕೇಳದಂತೆ ಅವಳು ಕಲ್ಲು ತಿರುಗಿಸಿದಳು.